ಬ್ರುಸೆಲ್ಲಾ ಟೈಟರ್ ರೋಗಿಗೆ ಹೊಂದದಿದ್ದಾಗ: ಟ್ಯೂಬ್ ಟೆಸ್ಟ್‌ನ ದೋಷ ಹುಡುಕುವ ದಾರಿ

ಬ್ರುಸೆಲ್ಲಾ ಟೆಸ್ಟ್ ಬಗ್ಗೆ ಲ್ಯಾಬ್‌ಗೆ ಬರುವ ಫೋನ್‌ಗಳಲ್ಲಿ ಎರಡೇ ಬಗೆ. "ಕುರಿ ಕಾಯೋ ಹುಡುಗ, ತಿಂಗಳಿಂದ ಸಂಜೆ ಜ್ವರ, ಸೊಂಟ ಹಿಡ್ಕೊಂಡು ನಡೀತಾನೆ. ನಿಮ್ಮದು ನೆಗೆಟಿವ್ ಬಂದಿದೆಯಲ್ಲಾ?" ಅನ್ನುವುದು ಒಂದು. "ಜ್ವರಾನೇ ಇಲ್ಲ, ಸುಮ್ನೆ ಚೆಕಪ್‌ಗೆ ಬಂದಿದ್ದರು. 1:80 ಅಂತ ಕೊಟ್ಟಿದ್ದೀರಿ, ಏನು ಮಾಡಲಿ?" ಅನ್ನುವುದು ಇನ್ನೊಂದು. ಎರಡಕ್ಕೂ "ಇನ್ನೊಂದು ಸ್ಯಾಂಪಲ್ ಕಳಿಸಿ ಸರ್" ಅಂದುಬಿಡುವುದು ಸುಲಭ. ಆದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗದೆ ಅದೇ ಟೆಸ್ಟನ್ನು ಅದೇ ರೀತಿ ಮಾಡಿದರೆ ಅದೇ ಉತ್ತರ ಬರುತ್ತದೆ, ಅಷ್ಟೇ.

ದನಗಳಲ್ಲಿ ನಾವು ಕಂದು ಹಾಕುವ (ಗರ್ಭಪಾತದ) ರೋಗ ಅನ್ನುತ್ತೇವಲ್ಲ, ಅದೇ ಬ್ರುಸೆಲ್ಲಾ ಮನುಷ್ಯನಿಗೂ ಬರುತ್ತದೆ. ಕಾಯಿಸದ ಹಾಲಿನಿಂದ ಬರುತ್ತದೆ. ಕಂದು ಹಾಕಿದ ಮೇಕೆಯ ಕಸ (ಮಾಸು), ನೀರು ಬರಿಗೈಯಲ್ಲಿ ಮುಟ್ಟಿದರೂ ಬರುತ್ತದೆ. ನಮ್ಮ ಕಡೆ ಕುರಿ ಮೇಕೆ ಜಾಸ್ತಿ ಇರುವುದರಿಂದ ಬ್ರುಸೆಲ್ಲಾ ಮೆಲಿಟೆನ್ಸಿಸ್ ಮುಖ್ಯ. ಸಣ್ಣ ಲ್ಯಾಬ್‌ಗಳು ಇದಕ್ಕೆ ಮಾಡುವುದು ಎರಡು ಟೆಸ್ಟ್: ಸ್ಲೈಡಿನ ಮೇಲೆ ರೋಸ್ ಬೆಂಗಾಲ್, ಆಮೇಲೆ ಟ್ಯೂಬಿನಲ್ಲಿ ಅಗ್ಲುಟಿನೇಷನ್. 1897ರಲ್ಲಿ ಬ್ರಿಟಿಷ್ ವೈದ್ಯ ಆಲ್ಮ್ರೋತ್ ರೈಟ್ ಮಾಲ್ಟಾ ಜ್ವರಕ್ಕೆ (ಇದೇ ಕಾಯಿಲೆಯ ಹಳೆಯ ಹೆಸರು) ಬಳಸಿದ ಉಪಾಯವೇ ಈಗಲೂ ನಡೆಯುತ್ತಿದೆ. ಸತ್ತ ಬ್ಯಾಕ್ಟೀರಿಯಾ (ಇದೇ ಆಂಟಿಜೆನ್) ಹಾಕಿ, ರೋಗಿಯ ಸೀರಂ (ರಕ್ತದ ತಿಳಿ ಭಾಗ) ಹಾಕಿ, ಗುಂಪುಗಟ್ಟುತ್ತದಾ ನೋಡು. ಗುಂಪುಗಟ್ಟಿದರೆ ಅದು ತಳಕ್ಕಿಳಿದು ನೀರು ತಿಳಿಯಾಗುತ್ತದೆ, ಅದು ಪಾಸಿಟಿವ್; ಇಲ್ಲದಿದ್ದರೆ ಮಸುಕಾಗಿಯೇ ಇರುತ್ತದೆ. ಸೀರಂ ಅನ್ನು ತೆಳು ಮಾಡುತ್ತಾ ಹೋದಾಗ ಎಷ್ಟರ ತನಕ ಗುಂಪುಗಟ್ಟಿತು ಅನ್ನುವ ಲೆಕ್ಕವೇ ಟೈಟರ್; 1:80 ಅಂದರೆ ಎಂಬತ್ತು ಪಟ್ಟು ತೆಳು. ಕೇಳಲು ಇಷ್ಟು ಸರಳ ಇರುವುದರಿಂದಲೇ ಯಾರೂ ಇದರ ಮೇಲೆ ಅನುಮಾನ ಪಡುವುದಿಲ್ಲ.

ನಾನು ದೋಷ ಹುಡುಕುವ ಕ್ರಮ ಹೀಗೆ: ಮೊದಲು ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಟ್ಯೂಬ್), ಆಮೇಲೆ ಡೈಲ್ಯೂಷನ್ (ಸೀರಂ ತೆಳು ಮಾಡಿದ್ದು), ಆಮೇಲೆ ಓದಿದ ಕಣ್ಣು, ಕೊನೆಗೆ ರೋಗಿಯ ದೇಹ. ತುಂಬಾ ಜನ ಇದನ್ನು ತಿರುವಿ ಹಾಕಿ, ಮೊದಲೇ "ಕ್ರಾಸ್ ರಿಯಾಕ್ಷನ್ ಇರಬೇಕು" ಅಂತ, ಅಂದರೆ ಬೇರೆ ಬ್ಯಾಕ್ಟೀರಿಯಾದ ಆಂಟಿಬಾಡಿ ಬಂದು ಅಂಟಿರಬೇಕು ಅಂತ, ಶುರು ಮಾಡುತ್ತಾರೆ. ಅದು ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ. ನಿಜವಾದ ಕಾರಣ ಬಹಳ ಸಲ ಉಪ್ಪುನೀರಿನ ಬಾಟಲಿಯಲ್ಲೋ ಪಿಪೆಟ್‌ನಲ್ಲೋ ಕೂತಿರುತ್ತದೆ.

ಕಂಟ್ರೋಲ್ ಟ್ಯೂಬ್ ಏನು ಹೇಳುತ್ತಿದೆ

ಸೀರಂ ಇಲ್ಲದ, ಬರೀ ಆಂಟಿಜೆನ್ ಮತ್ತು ಫೀನಾಲ್ ಸಲೈನ್ ಇರುವ ಟ್ಯೂಬನ್ನು ಎತ್ತಿ ನೋಡಿ. ಅದು ಸಮನಾಗಿ ಮಸುಕಾಗಿರಬೇಕು. ಅದರಲ್ಲೇ ಕಣ ಕಣ ಕಾಣಿಸಿದರೆ ಅವತ್ತಿನ ರ್ಯಾಕ್ ಪೂರ್ತಿ ರದ್ದು. ಒಂದು ಟ್ಯೂಬ್ ಅಲ್ಲ, ಎಲ್ಲಾ ರೋಗಿಗಳದ್ದೂ. ಆಂಟಿಜೆನ್ ತಾನಾಗಿಯೇ ಗುಂಪುಗಟ್ಟುತ್ತಿದೆ ಅಂತ ಅರ್ಥ. ಸಾಮಾನ್ಯ ಕಾರಣ, ಬಾಟಲಿ ಫ್ರಿಜ್‌ನಲ್ಲಿ ಹಿಂಬದಿಗೆ ಸರಿದು ಐಸ್ ಆಗಿರುವುದು. ಬ್ರುಸೆಲ್ಲಾ ಆಂಟಿಜೆನ್ 4 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೇಬಾರದು. ಒಂದು ಸಲ ಐಸ್ ಆದದ್ದನ್ನು ಕರಗಿಸಿ "ನೋಡೋಣ" ಅಂತ ಬಳಸಬೇಡಿ.

ಪಾಸಿಟಿವ್ ಕಂಟ್ರೋಲ್ ಬರಲೇ ಇಲ್ಲವೇ? ಆಗ ಸಲೈನ್ ಕಡೆ ನೋಡಿ. ಬ್ಯಾಕ್ಟೀರಿಯಾ ಆಂಟಿಬಾಡಿಯ ಜೊತೆ ಗುಂಪುಗಟ್ಟಲು ಉಪ್ಪು ಬೇಕೇಬೇಕು. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 8.5 ಗ್ರಾಂ ಸೋಡಿಯಂ ಕ್ಲೋರೈಡ್, 5 ಗ್ರಾಂ ಫೀನಾಲ್. ಗಡಿಬಿಡಿಯಲ್ಲಿ ಪಕ್ಕದ ಡಿಸ್ಟಿಲ್ಡ್ ವಾಟರ್ ಬಾಟಲಿ ಕೈಗೆ ಬಂದಿದ್ದರೆ ಎಷ್ಟೇ ಆಂಟಿಬಾಡಿ ಇದ್ದರೂ ಟ್ಯೂಬ್ ತೆಪ್ಪಗೆ ಇರುತ್ತದೆ. ಫೀನಾಲ್ ಮರೆತಿದ್ದರೆ ಬೇರೆ ಕಥೆ. ಇಡೀ ದಿನ 37 ಡಿಗ್ರಿಯಲ್ಲಿ ಇಟ್ಟ ಟ್ಯೂಬಿನಲ್ಲಿ ಯಾವುದೋ ಬೇರೆ ಬ್ಯಾಕ್ಟೀರಿಯಾ ಬೆಳೆದು ಮಸುಕಾಗುತ್ತದೆ. ಅದನ್ನು ನಾವು ನೆಗೆಟಿವ್ ಅಂತ ಓದುತ್ತೇವೆ.

ಇನ್ನು ಕರೆಂಟ್. ರಾತ್ರಿ ಕರೆಂಟ್ ಹೋಗಿ ಬಂದರೆ ಬೆಳಗ್ಗೆ ಇನ್ಕ್ಯುಬೇಟರ್ ಡಿಸ್‌ಪ್ಲೇ 37 ಅಂತಲೇ ತೋರಿಸುತ್ತದೆ, ಮಧ್ಯೆ ಏನಾಯಿತು ಅಂತ ಹೇಳುವುದಿಲ್ಲ. ಒಳಗೆ ಒಂದು ಮ್ಯಾಕ್ಸಿಮಮ್ ಮಿನಿಮಮ್ ಥರ್ಮಾಮೀಟರ್ ಇಡಿ. ಪಾಸಿಟಿವ್ ಕಂಟ್ರೋಲ್ ಇರಬೇಕಾದ್ದಕ್ಕಿಂತ ಎರಡು ಟ್ಯೂಬ್ ಕೆಳಗೆ ನಿಂತಿದ್ದರೆ ಮೊದಲು ಅದನ್ನು ನೋಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ಪಾಸಿಟಿವ್ ಕಂಟ್ರೋಲ್ ಪಾಸಿಟಿವ್ ಬಂತು" ಅಂದರೆ ಸಾಲದು. ಅದರ ಟೈಟರ್ ಎಷ್ಟು ಬಂತು ಅಂತ ಪ್ರತಿ ಸಲ ಬರೆದಿಡಿ. 1:320 ಬರುತ್ತಿದ್ದ ಕಂಟ್ರೋಲ್ ಮೂರು ತಿಂಗಳಲ್ಲಿ 1:160, ಆಮೇಲೆ 1:80 ಆಗುತ್ತಾ ಬಂದರೆ ಕಿಟ್ ಸಾಯುತ್ತಿದೆ. ಬರೀ ಪಾಸಿಟಿವ್, ನೆಗೆಟಿವ್ ಅಂತ ಬರೆಯುವ ಲ್ಯಾಬ್‌ಗೆ ಇದು ಗೊತ್ತೇ ಆಗುವುದಿಲ್ಲ.

ಜ್ವರ ಜೋರಾಗಿದೆ, ಟ್ಯೂಬ್ ನೆಗೆಟಿವ್

ಕೈಪಿಡಿಯ ಮುಖ್ಯ ಭಾಗ ಇದು. ಅನುಮಾನ ಗಟ್ಟಿ ಇದ್ದು ಟೆಸ್ಟ್ ನೆಗೆಟಿವ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ: ಎಷ್ಟನೇ ಡೈಲ್ಯೂಷನ್‌ಗೆ ನಿಲ್ಲಿಸಿದಿರಿ?

ಆಂಟಿಜೆನ್, ಟ್ಯೂಬ್ ಉಳಿಸಲು ಕೆಲವರು 1:20, 1:40, 1:80 ಅಂತ ಮೂರೇ ಟ್ಯೂಬ್ ಇಡುತ್ತಾರೆ. ಮೂರರಲ್ಲೂ ಇಲ್ಲ ಅಂದರೆ ಮುಂದೆಯೂ ಇರುವುದಿಲ್ಲ ಅನ್ನುವ ಲೆಕ್ಕ. ಬ್ರುಸೆಲ್ಲಾದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಗುಂಪುಗಟ್ಟಬೇಕಾದರೆ ಒಂದು ಆಂಟಿಬಾಡಿ ಎರಡು ಬ್ಯಾಕ್ಟೀರಿಯಾಗಳನ್ನು ಹಿಡಿದು ಜೋಡಿಸಬೇಕು. ಸೀರಂ ತೀರಾ ಗಟ್ಟಿಯಾಗಿದ್ದು ಆಂಟಿಬಾಡಿ ವಿಪರೀತ ಇದ್ದರೆ ಪ್ರತಿಯೊಂದು ಬ್ಯಾಕ್ಟೀರಿಯಾದ ಮೈ ಪೂರ್ತಿ ತುಂಬಿಹೋಗುತ್ತದೆ. ಇನ್ನೊಂದು ತುದಿ ಹಿಡಿಯಲು ಖಾಲಿ ಜಾಗವೇ ಇರುವುದಿಲ್ಲ. ಹಾಗಾಗಿ ಮೊದಲ ಟ್ಯೂಬ್‌ಗಳು ನೆಗೆಟಿವ್ ಕಾಣುತ್ತವೆ. ಇದೇ ಪ್ರೋಝೋನ್. ಅಂದರೆ ಕಾಯಿಲೆ ಜೋರಾಗಿರುವವನೇ ನೆಗೆಟಿವ್ ಆಗಿ ಹೊರಗೆ ಹೋಗುವ ಅಪಾಯ.

ಇಂಥ ಒಂದು ರ್ಯಾಕ್ ಹೇಗೆ ಕಾಣುತ್ತದೆ ಅಂದರೆ: 1:20 ಮಸುಕು. 1:40 ಮಸುಕು. 1:80ರಲ್ಲಿ ತಳದಲ್ಲಿ ಏನೋ ಇದೆಯಾ ಇಲ್ಲವಾ ಅನ್ನುವ ಹಾಗೆ. 1:160ರಿಂದ ನೀರು ತಿಳಿಯಾಗುತ್ತದೆ, 320, 640, 1280 ಎಲ್ಲಾ ತಿಳಿ. ಮೂರು ಟ್ಯೂಬಿಗೆ ನಿಲ್ಲಿಸಿದ ಲ್ಯಾಬ್ ಇದನ್ನು ನೆಗೆಟಿವ್ ಅಂತ ಬರೆದಿರುತ್ತದೆ. ಅದಕ್ಕೇ ಕನಿಷ್ಠ 1:1280ರ ತನಕ ಹೋಗಿ. ಅಲ್ಲೂ ತಿಳಿಯಾಗಿದ್ದರೆ ಇನ್ನೂ ಮುಂದಕ್ಕೆ ಹೋಗಿ. ಖರ್ಚು ನಾಲ್ಕೈದು ಟ್ಯೂಬ್ ಜಾಸ್ತಿ, ಅಷ್ಟೇ ಅಲ್ವಾ.

ಪ್ರೋಝೋನ್ ಸ್ಲೈಡ್ ಟೆಸ್ಟಿನಲ್ಲೂ ಅಪರೂಪಕ್ಕೆ ಬರುತ್ತದೆ. ಅನುಮಾನ ಇದ್ದರೆ ಅದೇ ಸೀರಂ ಅನ್ನು ಸಲೈನ್‌ನಲ್ಲಿ 1:2, 1:4, 1:8 ಮಾಡಿ ಮತ್ತೆ ರೋಸ್ ಬೆಂಗಾಲ್ ಹಾಕಿ ನೋಡಿ.

ಇನ್ನೊಂದು ಬಗೆಯ ಅಡ್ಡಿ ಇದೆ. ಕೆಲವರಲ್ಲಿ, ಅದರಲ್ಲೂ ಕಾಯಿಲೆ ಹಳೆಯದಾದವರಲ್ಲಿ, ಆಂಟಿಬಾಡಿ ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳುತ್ತದೆ, ಆದರೆ ಗುಂಪುಗಟ್ಟಿಸುವುದಿಲ್ಲ. ಎಷ್ಟು ಡೈಲ್ಯೂಟ್ ಮಾಡಿದರೂ ಟ್ಯೂಬ್ ಮಸುಕೇ. ಇದಕ್ಕೆ ಕೂಂಬ್ಸ್ ಮಾಡಬೇಕು: ನೆಗೆಟಿವ್ ಬಂದ ಟ್ಯೂಬುಗಳ ಬ್ಯಾಕ್ಟೀರಿಯಾವನ್ನು ಸಲೈನ್‌ನಲ್ಲಿ ಮೂರು ಸಲ ಚೆನ್ನಾಗಿ ತೊಳೆದು, ಆ್ಯಂಟಿ ಹ್ಯೂಮನ್ ಗ್ಲಾಬ್ಯುಲಿನ್ (ಮನುಷ್ಯನ ಆಂಟಿಬಾಡಿಯನ್ನೇ ಹಿಡಿಯುವ ಆಂಟಿಬಾಡಿ) ಹಾಕಿ, ಮತ್ತೆ ಇನ್ಕ್ಯುಬೇಟ್ ಮಾಡಿ ಓದಬೇಕು. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಉಳಿದ ಸೀರಂ ಗ್ಲಾಬ್ಯುಲಿನ್ ಅನ್ನು ನುಂಗಿಬಿಡುತ್ತದೆ, ಮತ್ತೆ ನೆಗೆಟಿವ್. ವರ್ಷಗಟ್ಟಲೆ ಸೊಂಟನೋವು, ಕೀಲುನೋವು ಅಂತ ಓಡಾಡುವವರಲ್ಲಿ ಈ ಶ್ರಮ ಪಡಲೇಬೇಕು.

ಇದೆಲ್ಲಾ ಸರಿ ಇದ್ದೂ ನೆಗೆಟಿವ್ ಅಂದರೆ ಜ್ವರ ಶುರುವಾಗಿ ಎಷ್ಟು ದಿನ ಅಂತ ಕೇಳಿ. ಮೊದಲ ವಾರದಲ್ಲಿ ಆಂಟಿಬಾಡಿ ಸಾಕಷ್ಟು ಇರುವುದಿಲ್ಲ. ಎರಡು ವಾರ ಬಿಟ್ಟು ಇನ್ನೊಂದು ಸ್ಯಾಂಪಲ್ ತೆಗೆಯಿರಿ. ನಾಯಿಯಿಂದ ಬರುವ ಬ್ರುಸೆಲ್ಲಾ ಕೇನಿಸ್ ಈ ಟೆಸ್ಟಿಗೆ ಸಿಗುವುದೇ ಇಲ್ಲ. ಅದರ ಮೈಮೇಲಿನ ರಚನೆಯೇ ಬೇರೆ, ನಮ್ಮ ಆಂಟಿಜೆನ್ ಮಾಡಿರುವುದು ಬ್ರುಸೆಲ್ಲಾ ಅಬಾರ್ಟಸ್‌ನಿಂದ.

ಸ್ಲೈಡ್ ಒಂದು ಹೇಳುತ್ತದೆ, ಟ್ಯೂಬ್ ಇನ್ನೊಂದು

ರೋಸ್ ಬೆಂಗಾಲ್ ಪಾಸಿಟಿವ್, ಟ್ಯೂಬ್ ನೆಗೆಟಿವ್ ಅಂದರೆ ಮೇಲೆ ಹೇಳಿದ ಎರಡು ಅಡ್ಡಿಗಳನ್ನೇ ಮೊದಲು ನೋಡಿ. ಆಮೇಲೆ ಸ್ಲೈಡ್ ಓದಿದ ಟೈಮ್ ಕೇಳಿ. ಸೀರಂ 30 ಮೈಕ್ರೋಲೀಟರ್, ಆಂಟಿಜೆನ್ 30 ಮೈಕ್ರೋಲೀಟರ್, ಕಲಸಿ, ನಾಲ್ಕು ನಿಮಿಷ ತೂಗಿ, ತಕ್ಷಣ ಓದಬೇಕು. ಫೋನ್ ಬಂತು ಅಂತ ಹತ್ತು ನಿಮಿಷ ಬಿಟ್ಟು ನೋಡಿದರೆ ಹನಿಯ ಅಂಚು ಒಣಗಿ ಗುಲಾಬಿ ಬಣ್ಣದ ಕಣ ಕಟ್ಟಿರುತ್ತದೆ. ಅದು ಪಾಸಿಟಿವ್ ಅಲ್ಲ. ಪೂರ್ತಿ ಕ್ಲಾಟ್ ಆಗದ ರಕ್ತದಿಂದ ತೆಗೆದ ಸೀರಂನಲ್ಲಿ ಫೈಬ್ರಿನ್ ಎಳೆಗಳು ಬಂದರೂ ಇದೇ ಮೋಸ.

ಉಲ್ಟಾ ಆದರೆ, ಅಂದರೆ ಸ್ಲೈಡ್ ನೆಗೆಟಿವ್, ಟ್ಯೂಬ್ ಪಾಸಿಟಿವ್ ಬಂದರೆ, ಆಂಟಿಜೆನ್ ಫ್ರಿಜ್‌ನಿಂದ ತೆಗೆದ ತಕ್ಷಣ ಹಾಕಿದಿರಾ ಅಂತ ಕೇಳಿಕೊಳ್ಳಿ. ತಣ್ಣಗಿರುವಾಗ ರಿಯಾಕ್ಷನ್ ನಿಧಾನ, ನಾಲ್ಕು ನಿಮಿಷ ಸಾಲುವುದಿಲ್ಲ. ಆಂಟಿಜೆನ್, ಸೀರಂ ಎರಡೂ ರೂಮ್ ಟೆಂಪರೇಚರ್‌ಗೆ ಬರಲಿ. ರೋಸ್ ಬೆಂಗಾಲ್ ಆಂಟಿಜೆನ್ ಹುಳಿ, ಪಿಎಚ್ 3.65ರ ಆಸುಪಾಸು ಇರುತ್ತದೆ. ಆ ಹುಳಿಯಲ್ಲಿ ಬೇಡದ ಐಜಿಎಂ (ಆಂಟಿಬಾಡಿಯ ಒಂದು ಬಗೆ) ಅಂಟುವಿಕೆ ಕಡಿಮೆಯಾಗುತ್ತದೆ. ಟ್ಯೂಬಿನಲ್ಲಿ ಆ ಶೋಧನೆ ಇಲ್ಲ. ಹಾಗಾಗಿ ಸ್ಲೈಡಿನಲ್ಲಿ ಇಲ್ಲದೆ ಟ್ಯೂಬಿನಲ್ಲಿ ಮಾತ್ರ 1:40 ಬಂದದ್ದು ಬಹಳ ಸಲ ಇಂಥ ಐಜಿಎಂ ಆಗಿರುತ್ತದೆ.

ಎರಡು ಲ್ಯಾಬ್, ಎರಡು ಟೈಟರ್

ಇಲ್ಲಿ ಜಗಳ ಜಾಸ್ತಿ, ಕಾರಣ ಸಣ್ಣದು. ಮೊದಲ ಟ್ಯೂಬಿಗೆ 0.8 ಮಿಲಿ ಫೀನಾಲ್ ಸಲೈನ್, ಉಳಿದವಕ್ಕೆ 0.5 ಮಿಲಿ. ಮೊದಲನೆಯದಕ್ಕೆ 0.2 ಮಿಲಿ ಸೀರಂ ಹಾಕಿದರೆ 1:5. ಅಲ್ಲಿಂದ 0.5 ಮಿಲಿ ತೆಗೆದು ಮುಂದಿನದಕ್ಕೆ, ಹೀಗೇ ಕೊನೆಯವರೆಗೆ. ಕೊನೆಯ ಟ್ಯೂಬಿನಿಂದ 0.5 ಮಿಲಿ ಚೆಲ್ಲಬೇಕು. ಆಮೇಲೆ ಎಲ್ಲಕ್ಕೂ 0.5 ಮಿಲಿ ಆಂಟಿಜೆನ್. ಆಗ ಮೊದಲನೆಯದು 1:10 ಆಗುತ್ತದೆ, ಎರಡನೆಯದು 1:20. ಒಂದು ಲ್ಯಾಬ್ ಆಂಟಿಜೆನ್ ಹಾಕುವ ಮುಂಚಿನ ಲೆಕ್ಕ ಬರೆಯುತ್ತದೆ, ಇನ್ನೊಂದು ಹಾಕಿದ ಮೇಲಿನದ್ದು. ಅದೇ ಟ್ಯೂಬ್, ಅದೇ ಸೀರಂ, ಆದರೆ ಒಂದು ಕಡೆ 1:80, ಇನ್ನೊಂದು ಕಡೆ 1:160. 1:160 ಅನ್ನು ಗೆರೆ ಮಾಡಿಕೊಂಡ ಡಾಕ್ಟರ್ ಕಣ್ಣಿಗೆ ಒಂದು ನೆಗೆಟಿವ್, ಒಂದು ಪಾಸಿಟಿವ್! ಜಗಳ ಆಡುವ ಮುಂಚೆ ಇದನ್ನು ಕೇಳಿ.

ಇದು ಅಲ್ಲ ಅಂದರೆ ಆಂಟಿಜೆನ್ ಬಾಟಲಿ ಅಲ್ಲಾಡಿಸಿದಿರಾ ಅಂತ ನೋಡಿ. ನಿಂತಲ್ಲೇ ಇಟ್ಟ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ತಳಕ್ಕೆ ಇಳಿದಿರುತ್ತದೆ. ಮೇಲಿನ ತಿಳಿಯನ್ನು ತೆಗೆದು ಹಾಕಿದರೆ ಟೈಟರ್ ಸುಳ್ಳೇ ಏರುತ್ತದೆ. ಬಾಟಲಿ ಖಾಲಿಯಾಗುತ್ತಾ ಬಂದಾಗ ತಳದ ಗಟ್ಟಿ ಹಾಕಿದರೆ ಟೈಟರ್ ಇಳಿಯುತ್ತದೆ. ಅದೇ ಟಿಪ್ಪಿನಲ್ಲಿ ಕೊನೆಯ ತನಕ ಎಳೆದರೂ ಗೋಡೆಗೆ ಅಂಟಿದ ಸೀರಂ ಮುಂದಕ್ಕೆ ಹೋಗಿ ಟೈಟರ್ ಏರುತ್ತದೆ.

ಓದುವುದರಲ್ಲಿ ಒಬ್ಬೊಬ್ಬರ ಕಣ್ಣು ಒಂದೊಂದು ಥರ. ಕಪ್ಪು ಹಿನ್ನೆಲೆ ಇಟ್ಟು, ಬೆಳಕು ಹಿಂದಿನಿಂದ ಓರೆಯಾಗಿ ಬೀಳಬೇಕು. ಪೂರ್ತಿ ಪಾಸಿಟಿವ್ ಟ್ಯೂಬಿನಲ್ಲಿ ಮೇಲೆ ನೀರು ಶುದ್ಧ ತಿಳಿ, ತಳದಲ್ಲಿ ತೆಳು ಕಂಬಳಿ ಹಾಸಿದ ಹಾಗೆ ಬ್ಯಾಕ್ಟೀರಿಯಾ ಹರಡಿರುತ್ತದೆ. ಟ್ಯೂಬನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಚೂರು ಚೂರಾಗಿ ಏಳುತ್ತದೆ, ಕರಗುವುದಿಲ್ಲ. ನೆಗೆಟಿವ್ ಟ್ಯೂಬಿನ ತಳದಲ್ಲೂ ಒಮ್ಮೊಮ್ಮೆ ಗುಂಡಗೆ ಒಂದು ಚುಕ್ಕೆ ಇರುತ್ತದೆ. ತಟ್ಟಿದರೆ ಹೊಗೆಯಂತೆ ಸುರುಳಿಯಾಗಿ ಎದ್ದು ಬೆರೆತುಹೋಗುತ್ತದೆ. ತಟ್ಟುವ ಮುಂಚೆಯೇ ತಿಳಿ ಎಷ್ಟಿದೆ ಅಂತ ನೋಡಿ ಬರೆದಿಟ್ಟುಕೊಳ್ಳಿ. ಆಮೇಲೆ ನೋಡಲು ಆಗುವುದಿಲ್ಲ.

ಟೈಟರ್ ಅಂದರೆ ಅರ್ಧದಷ್ಟಾದರೂ ತಿಳಿಯಾದ ಕೊನೆಯ ಟ್ಯೂಬ್. ಅರ್ಧ ಅಂದರೆ ಎಷ್ಟು ಅಂತ ಅಂದಾಜು ಮಾಡಬೇಡಿ. 0.25 ಮಿಲಿ ಆಂಟಿಜೆನ್‌ಗೆ 0.75 ಮಿಲಿ ಫೀನಾಲ್ ಸಲೈನ್ ಹಾಕಿ ಒಂದು ಟ್ಯೂಬ್ ಮಾಡಿ, ಉಳಿದವುಗಳ ಜೊತೆಯೇ ಇನ್ಕ್ಯುಬೇಟರ್‌ನಲ್ಲಿಡಿ. ಅದೇ ನಿಮ್ಮ ಅರ್ಧದ ಅಳತೆ. ಈ ಒಂದು ಟ್ಯೂಬ್ ಇಡದೆ ಇಬ್ಬರು ಟೆಕ್ನಿಷಿಯನ್‌ಗಳು ಒಂದೇ ಟೈಟರ್ ಕೊಡುತ್ತಾರೆ ಅಂದರೆ ನಾನು ನಂಬುವುದಿಲ್ಲ.

ಎಷ್ಟೇ ಸರಿಯಾಗಿ ಮಾಡಿದರೂ ಒಂದು ಟ್ಯೂಬ್ ಆಚೀಚೆ ಆಗುವುದು ಈ ಟೆಸ್ಟಿನ ಸ್ವಭಾವ. 1:80 ಇದ್ದದ್ದು 1:160 ಆಯಿತು ಅಂದರೆ ಏರಿತು ಅಂತ ಹೇಳಲಾಗದು. ಎರಡು ಟ್ಯೂಬ್ ಏರಬೇಕು, ಅಂದರೆ ನಾಲ್ಕು ಪಟ್ಟು. ಮೊದಲ ಸ್ಯಾಂಪಲ್‌ನ ಸೀರಂ ಫ್ರೀಜರ್‌ನಲ್ಲಿಟ್ಟು, ಎರಡನೆಯದು ಬಂದಾಗ ಎರಡನ್ನೂ ಒಂದೇ ದಿನ, ಒಂದೇ ರ್ಯಾಕಿನಲ್ಲಿ, ಒಂದೇ ಬಾಟಲಿ ಆಂಟಿಜೆನ್‌ನಲ್ಲಿ ಮಾಡಿದರೆ ಮಾತ್ರ ಆ ಹೋಲಿಕೆಗೆ ಬೆಲೆ.

ಎಲ್ಲರಿಗೂ ಸ್ವಲ್ಪ ಸ್ವಲ್ಪ ಬರುತ್ತಿದೆ

ಒಂದೇ ದಿನ ಬಂದ ಸಂಬಂಧವಿಲ್ಲದ ಹತ್ತು ಜನರಿಗೂ 1:40 ಬಂದರೆ ಅದು ಆಂಟಿಜೆನ್ ಅಥವಾ ಗಾಜಿನ ಸಮಸ್ಯೆ. ಸೋಪು ಉಳಿದ ಟ್ಯೂಬ್‌ಗಳನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ ಮತ್ತೆ ಮಾಡಿ. ಆದರೆ ಪಶು ಆಸ್ಪತ್ರೆಯವರು, ಕಸಾಯಿಖಾನೆಯವರು, ಕುರಿಗಾಹಿಗಳು, ಹಾಲು ಕರೆಯುವವರು ಇವರಲ್ಲಿ ಸಣ್ಣ ಟೈಟರ್ ನಿಜವಾಗಿಯೂ ಇರುತ್ತದೆ. ಮತ್ತೆ ಮತ್ತೆ ಸೋಂಕಿಗೆ ಒಡ್ಡಿಕೊಂಡದ್ದರ ಗುರುತು ಅದು. ಅದಕ್ಕೇ ರೋಗ ಇರುವ ನಮ್ಮಂಥ ಕಡೆ ಒಂದೇ ಸ್ಯಾಂಪಲ್ ಇದ್ದಾಗ 1:160 ಮತ್ತು ಮೇಲಿನದನ್ನು, ಲಕ್ಷಣವೂ ಇದ್ದರೆ, ಲೆಕ್ಕಕ್ಕೆ ಹಿಡಿಯುವುದು.

ಪಶುವೈದ್ಯರಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಲಸಿಕೆ ಹಾಕುವಾಗ ಸೂಜಿ ಚುಚ್ಚಿಕೊಂಡಿರಾ? 2019ರಲ್ಲಿ ಶುರುವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುತ್ತಾರೆ. ಅದಕ್ಕೆ ಬಳಸುವ ಎಸ್19 ಜೀವಂತ ಬ್ಯಾಕ್ಟೀರಿಯಾ. ಕೈಗೆ ಚುಚ್ಚಿದರೆ, ಕಣ್ಣಿಗೆ ಸಿಡಿದರೆ ಕಾಯಿಲೆ ಬರಬಹುದು, ಟೆಸ್ಟೂ ಪಾಸಿಟಿವ್ ಆಗುತ್ತದೆ. ಅವರನ್ನು "ಎಲ್ಲಾ ಪಶುವೈದ್ಯರಿಗೂ ಇಷ್ಟು ಇರ್ತದೆ ಬಿಡಿ" ಅಂತ ಕಳಿಸಬಾರದು.

ಈಗ ಬನ್ನಿ ಕ್ರಾಸ್ ರಿಯಾಕ್ಷನ್‌ಗೆ

ಕಂಟ್ರೋಲ್ ಸರಿ, ಲೆಕ್ಕ ಸರಿ, ಕಣ್ಣೂ ಸರಿ. ಟೈಟರ್ ಇದೆ, ಕಥೆ ಮಾತ್ರ ಹೊಂದುತ್ತಿಲ್ಲ. ದನ ಇಲ್ಲ, ಹಸಿ ಹಾಲು ಇಲ್ಲ. ಆಗ ಬೇರೆ ಬ್ಯಾಕ್ಟೀರಿಯಾ ಎಬ್ಬಿಸಿದ ಆಂಟಿಬಾಡಿ ನಮ್ಮ ಆಂಟಿಜೆನ್‌ಗೆ ಅಂಟಿರಬಹುದು. ಮೊದಲ ಆರೋಪಿ ಯೆರ್ಸಿನಿಯಾ ಎಂಟರೊಕೊಲಿಟಿಕಾ ಒ:9. ಅದರ ಹೊರಮೈ ಬ್ರುಸೆಲ್ಲಾದ್ದಕ್ಕೆ ಹೆಚ್ಚುಕಮ್ಮಿ ಒಂದೇ. ಇ. ಕೋಲಿ ಒ157, ಕಾಲರಾ ಬ್ಯಾಕ್ಟೀರಿಯಾ ಅಥವಾ ಅದರ ಲಸಿಕೆಯಿಂದಲೂ ಆಗುತ್ತದೆ.

ಇನ್ನೊಂದು ಟುಲರೀಮಿಯಾ, ಬೇರೊಂದು ಬ್ಯಾಕ್ಟೀರಿಯಾದಿಂದ ಬರುವ ಜ್ವರ. ಅದು ನಮ್ಮ ಊರಿನ ಕಾಯಿಲೆ ಅಲ್ಲ. ಅಮೆರಿಕದ ಆರ್ಕನ್ಸಾ, ಮಿಸ್ಸೂರಿ, ಒಕ್ಲಹೋಮಾ ಕಡೆ ಉಣ್ಣೆಹುಳ ಕಚ್ಚಿ, ಮೊಲ ಸುಲಿದು ಬರುತ್ತದೆ. ಟರ್ಕಿಯ ಹಳ್ಳಿಗಳಲ್ಲಿ ಕೆಟ್ಟ ನೀರಿನಿಂದ ಗಂಟಲಿಗೆ, ಕುತ್ತಿಗೆಯ ಗಂಟಿಗೆ ಬರುತ್ತದೆ. ಸ್ವೀಡನ್‌ನಲ್ಲಿ ಸೊಳ್ಳೆಯಿಂದಲೂ. ಅಲ್ಲಿನ ಲ್ಯಾಬ್‌ಗಳಿಗೆ ನಮ್ಮದೇ ತಲೆನೋವು ಉಲ್ಟಾ: ಬ್ರುಸೆಲ್ಲಾ ರೋಗಿಯ ಸೀರಂ ಟುಲರೀಮಿಯಾ ಟೆಸ್ಟಿನಲ್ಲಿ ಗುಂಪುಗಟ್ಟುತ್ತದೆ. ಎರಡೂ ಕಾಯಿಲೆ ಇರುವ ಟರ್ಕಿಯಂಥ ದೇಶದಲ್ಲಿ ಇದು ನಿಜವಾದ ಗೊಂದಲ. ಟುಲರೀಮಿಯಾಕ್ಕೂ ಟ್ಯೂಬಿನಲ್ಲಿ 1:160, ಮೈಕ್ರೋ ಪ್ಲೇಟಿನಲ್ಲಿ 1:128 ಅನ್ನುವ ಗೆರೆ ಇದೆ. ಅಲ್ಲೂ ಎರಡನೇ ವಾರದ ಮುಂಚೆ ಹುಡುಕಿದರೆ ಸಿಗುವುದಿಲ್ಲ, ಕಾಯಿಲೆ ವಾಸಿಯಾದ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ.

ಈ ಗಂಟನ್ನು 1926ರಲ್ಲೇ ಅಮೆರಿಕದ ಸಂಶೋಧಕರಾದ ಎಡ್ವರ್ಡ್ ಫ್ರಾನ್ಸಿಸ್ ಮತ್ತು ಆಲಿಸ್ ಎವನ್ಸ್ ಬಿಡಿಸಿ ತೋರಿಸಿದ್ದರು, ದಾರಿ ಈಗಲೂ ಅದೇ. ಒಂದೇ ಸೀರಂ ಅನ್ನು ಎರಡೂ ಆಂಟಿಜೆನ್ ಜೊತೆ ಕೊನೆಯ ತನಕ ಟೈಟರ್ ಮಾಡಿ. ನಿಜವಾದ ಕಾಯಿಲೆಯ ಕಡೆ ಸಾಮಾನ್ಯವಾಗಿ ಹಲವು ಟ್ಯೂಬ್ ಮೇಲಿರುತ್ತದೆ. ಸಮ ಸಮ ಬಂದರೆ ಹೀರಿಸಿ ನೋಡುವುದು: ಸೀರಂಗೆ ಟುಲರೀಮಿಯಾ ಆಂಟಿಜೆನ್ ದಂಡಿಯಾಗಿ ಬೆರೆಸಿ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಉಳಿದದ್ದನ್ನು ಎರಡಕ್ಕೂ ಹಾಕಿ. ಎರಡೂ ಟೈಟರ್ ಮಾಯವಾದರೆ ಅದು ಟುಲರೀಮಿಯಾದ್ದು. ಬ್ರುಸೆಲ್ಲಾದ್ದು ಹಾಗೇ ಉಳಿದರೆ ಬ್ರುಸೆಲ್ಲಾ. ಇದನ್ನು ತಾಲ್ಲೂಕು ಲ್ಯಾಬಿನಲ್ಲಿ ಮಾಡಲು ಹೋಗಬೇಡಿ, ಆಂಟಿಜೆನ್ ಸಿಗುವುದಿಲ್ಲ. ಅಮೆರಿಕದಿಂದಲೋ ಟರ್ಕಿಯಿಂದಲೋ ಬಂದವರು, ಕೈಮೇಲೆ ಹುಣ್ಣು, ಕಂಕುಳಲ್ಲಿ ಗಡ್ಡೆ, ಜ್ವರ ಅಂತ ಇದ್ದರೆ ಅದನ್ನು ಫಾರಂ ಮೇಲೆ ಬರೆದು ದೊಡ್ಡ ಲ್ಯಾಬ್‌ಗೆ ಕಳಿಸಿ.

ಔಷಧಿ ಮುಗಿದರೂ ಟೈಟರ್ ಇಳಿದಿಲ್ಲ

ಇದು ದೋಷವೇ ಅಲ್ಲ, ಆದರೆ ದೋಷ ಅಂತ ಸ್ಯಾಂಪಲ್ ವಾಪಸ್ ಬರುತ್ತಿರುತ್ತದೆ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಆರು ವಾರ ತೆಗೆದುಕೊಂಡು ಚೆನ್ನಾಗಿರುವವರಲ್ಲೂ ಟೈಟರ್ ನಿಧಾನಕ್ಕೆ ಇಳಿಯುತ್ತದೆ, ಕೆಲವರಲ್ಲಿ ವರ್ಷ ದಾಟುತ್ತದೆ. ಇಲ್ಲಿ 2-ಎಂಇ ಟೆಸ್ಟ್ ಉಪಯೋಗಕ್ಕೆ ಬರುತ್ತದೆ. 0.05 ಮೋಲಾರ್ ಮರ್‌ಕ್ಯಾಪ್ಟೊಎಥನಾಲ್ ಐಜಿಎಂ ಅನ್ನು ಮುರಿದು ಹಾಕುತ್ತದೆ, ಉಳಿಯುವುದು ಐಜಿಜಿ ಬಗೆಯ ಆಂಟಿಬಾಡಿ. ಜ್ವರ ಮರುಕಳಿಸಿ, 2-ಎಂಇ ಟೈಟರ್ ಕೂಡ ಮತ್ತೆ ಏರಿದ್ದರೆ ಕಾಯಿಲೆ ವಾಪಸ್ ಬಂದಿದೆ ಅಂತ ಅನುಮಾನ ಪಡಬೇಕು. ಈ ಮರ್‌ಕ್ಯಾಪ್ಟೊಎಥನಾಲ್ ಕೊಳೆತ ಮೊಟ್ಟೆ ವಾಸನೆಯ ವಿಷ, ಫ್ಯೂಮ್ ಹುಡ್ ಇಲ್ಲದ ಕಡೆ ಬಾಟಲಿ ತೆರೆಯಬೇಡಿ.

ಸೀರಂನಿಂದ ಬಗೆಹರಿಯದ್ದಕ್ಕೆ ಔಷಧಿ ಶುರು ಮಾಡುವ ಮುಂಚೆ ಬ್ಲಡ್ ಕಲ್ಚರ್ ತೆಗೆಯಲು ಡಾಕ್ಟರ್‌ಗೆ ಹೇಳಿ. ಬಾಟಲಿಯ ಮೇಲೆ "ಬ್ರುಸೆಲ್ಲಾ ಅನುಮಾನ" ಅಂತ ಬರೆಯಲೇಬೇಕು. ಎರಡು ಕಾರಣ: ಹಳೆಯ ಬಗೆಯ ಬಾಟಲಿಗಳನ್ನು ವಾರಗಟ್ಟಲೆ ಇಟ್ಟು ಕಾಯಬೇಕು, ಐದು ದಿನಕ್ಕೆ ಬಿಸಾಡಬಾರದು. ಎರಡನೆಯದು, ಲ್ಯಾಬಿನವರಿಗೇ ಇದು ಸುಲಭವಾಗಿ ಅಂಟುತ್ತದೆ. ಪ್ಲೇಟಿನ ಮೇಲೆ ನಿಧಾನವಾಗಿ ಬೆಳೆದ ಸಣ್ಣ ಗ್ರಾಂ ನೆಗೆಟಿವ್ ಕೊಕೊಬ್ಯಾಸಿಲೈ (ಗಿಡ್ಡ ಕಡ್ಡಿಯಂಥ ಬ್ಯಾಕ್ಟೀರಿಯಾ) ಕಂಡರೆ ಮೂಸಬೇಡಿ, ಸೇಫ್ಟಿ ಕ್ಯಾಬಿನೆಟ್ ಹೊರಗೆ ತೆರೆಯಬೇಡಿ. ಗುರುತಿಸುವ ಕಿಟ್ "ಮೊರಾಕ್ಸೆಲ್ಲಾ" ಅಂತ ಹೆಸರು ಕೊಟ್ಟರೂ ಸಮಾಧಾನ ಪಡಬೇಡಿ, ಬ್ರುಸೆಲ್ಲಾವನ್ನು ಹಾಗೆ ತಪ್ಪಾಗಿ ತೋರಿಸಿದ್ದು ಉಂಟು.

ಇನ್ನು ರಿಪೋರ್ಟ್ ಬರೆಯುವುದು. ಬರೀ "ಬ್ರುಸೆಲ್ಲಾ ಪಾಸಿಟಿವ್" ಅಂತ ಕೊಡಬೇಡಿ. ರೋಸ್ ಬೆಂಗಾಲ್ ಏನು ಬಂತು, ಟ್ಯೂಬ್ ಟೈಟರ್ ಎಷ್ಟು, ಅದು ಆಂಟಿಜೆನ್ ಹಾಕಿದ ಮೇಲಿನ ಲೆಕ್ಕವೇ, ಎಷ್ಟನೇ ಡೈಲ್ಯೂಷನ್ ತನಕ ಹೋದಿರಿ, ಪ್ರೋಝೋನ್ ಕಂಡಿತೇ, ಎರಡನೇ ಸ್ಯಾಂಪಲ್ ಯಾವಾಗ ಬೇಕು, ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಿರಿ. ಸೀರಂನ ಉಳಿದ ಭಾಗಕ್ಕೆ ತಾರೀಖು ಹಾಕಿ ಫ್ರೀಜರ್‌ನಲ್ಲಿಡಿ.